ತ್ರಿಪದಿ, ಷಟ್ಪದಿ, ಗಜಲ್ ಕೂಡಿ ಕಲಿಯೋ ನಮ್ಮ ಭಾನುವಾರದ ಗುಂಪು: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಾಗ ಭಾನುವಾರ ಸಂಜಿ ನಾವು ಹತ್ತು ಹನ್ನೆರಡು ಮಂದಿ ಒಬ್ಬರ ಮನಿ ಪಡಸಾಲ್ಯಾಗ ಕೂಡ್ತೀವಿ, ಒಂದೊಂದು ತಿಂಗಳು ಒಂದೊಂದು ಪದ್ಯದ ಮಟ್ಟು, ಅಂದ್ರ ಸಾಲು ಕಟ್ಟೋ ಅಳತಿ, ಹಿಡಿದು ಬರೀತೀವಿ, ಓದ್ತೀವಿ, ತಿದ್ದತೀವಿ. ಗುಂಪಿಗೆ ಹೆಸರಿಲ್ಲ, ಬೋರ್ಡಿಲ್ಲ. ಹೊಸಬರು ಬಂದಾಗೆಲ್ಲ ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಅವೇ ಇರ್ತಾವ, ಅದಕ್ಕ ಒಂದ್ಸಲ ಕುಂತು ಎಲ್ಲಾ ಬರದಿಟ್ಟೀನಿ.

ನನಗ ಛಂದಸ್ಸು ಏನೂ ಗೊತ್ತಿಲ್ಲ, ಬರಬಹುದಾ?

ಬರ್ರಿ. ಈ ಪ್ರಶ್ನೆ ಕೇಳದೇ ಒಳಗ ಬಂದವರು ಭಾಳ ಕಡಿಮಿ. ಹೋದ ವರ್ಷ ಒಬ್ಬ ಅವ್ವಾರು ಮೊಮ್ಮಗಳನ್ನ ಬಿಡಾಕ ಬಂದಿದ್ರು, ಬಾಗಲ ಹತ್ರನ ಕುಂತು ಬಿಟ್ರು, ನಾ ಸಾಲಿಗೆ ಹೋದಾಕಿ ಅಲ್ಲಪ್ಪಾ ನನಗ ಗಣ ಪಣ ತಿಳಿಯಂಗಿಲ್ಲ ಅಂದ್ರು. ನಾವು ಅವತ್ತು ತ್ರಿಪದಿ, ಅಂದ್ರ ಮೂರು ಸಾಲಿನ ಪದ್ಯ, ಮಾಡಾಕತ್ತಿದ್ವಿ, ಹಲಗಿ ಮ್ಯಾಲ ಗೆರಿ ಹಾಕಿ ಹಾಕಿ ಎರಡು ತಾಸು ಆದ್ರೂ ಯಾರ್ದೂ ಎರಡನೇ ಸಾಲು ಕೂಡಾಕ ತಯಾರಿಲ್ಲ. ಆಮ್ಯಾಲ ಆ ಅವ್ವಾರು ಸಣ್ಣ ದನಿಯಾಗ ಬೀಸೋ ಕಲ್ಲಿನ ಪದ ಒಂದು ಹೇಳಿದ್ರು, ಅವರ ಅತ್ತಿ ಕಲಿಸಿದ್ದು. ಹುಡುಗುರು ಅದನ್ನ ಹಲಗಿ ಮ್ಯಾಲ ಬರದು ಗಣ, ಅಂದ್ರ ತಾಳಕ್ಕ ಬೀಳೋ ಸಣ್ಣ ಸಣ್ಣ ತುಂಡು, ಬಿಡಿಸಿದ್ರ ಮೊದಲನೇ ಸಾಲಿಗೆ ನಾಕು, ಎರಡನೇದಕ್ಕೆ ನಾಕು, ಮೂರನೇದಕ್ಕೆ ಮೂರು, ಒಂದೂ ಆಕಡೆ ಈಕಡೆ ಆಗಿದ್ದಿಲ್ಲ. ಅವ್ವಾರಿಗೆ ಗೊತ್ತಿರದಿದ್ದದ್ದು ಹೆಸರುಗಳು ಅಷ್ಟ. ನಮ್ಮ ಕಡಿ ಮಂದಿಗೆ ಛಂದಸ್ಸು ಕಿವ್ಯಾಗ ಮೊದಲ ಐತಿ, ಅದನ್ನ ಕೈಗೆ ತರೋದು ಕೆಲಸ, ಅದು ಒಬ್ಬರ ಕುಂತು ಮಾಡೋದಕ್ಕಿಂತ ನಾಕು ಮಂದಿ ನಡಕ ಕುಂತು ಮಾಡಿದ್ರ ಲಗೂನ ಆಗ್ತೈತಿ.

ಈಗ ಎಲ್ಲಾರೂ ಮುಕ್ತಛಂದದಾಗ ಬರೀತಾರ, ಈ ಹಳೇ ಮಟ್ಟು ಯಾಕ ಬೇಕು?

ಮುಕ್ತಛಂದ ಬ್ಯಾಡ ಅಂತ ನಾವು ಯಾವತ್ತೂ ಅಂದಿಲ್ಲ, ನಮ್ಮೊಳಗ ಅರ್ಧ ಮಂದಿ ಮನ್ಯಾಗ ಅದನ್ನ ಬರೆಯೋದು. ಆದ್ರ ಮಟ್ಟಿಗೆ ಕುಂತಾಗ ಒಂದು ಘಟನಾ ನಡೀತೈತಿ: ಮೊದಲು ಮನಸಿಗೆ ಬಂದ ಶಬ್ದ ಸಾಲಿನೊಳಗ ಕೂಡೂದಿಲ್ಲ, ಎರಡನೇದೂ ಕೂಡೂದಿಲ್ಲ, ಮೂರನೇದು ಹುಡುಕುವಾಗ ನಿಮ್ಮಜ್ಜಿ ಆಡ್ತಿದ್ದ ಯಾವುದೋ ಮಾತು ನೆನಪಾಗ್ತೈತಿ, ಅದು ಕೂಡ್ತೈತಿ. ಆ ಮಾತು ಸುಮ್ನ ಕುಂತಿದ್ರ ಬರ್ತಿದ್ದಿಲ್ಲ. ಇದಕ್ಕ ನಾ ಮಾಡೋದು, ಬೇರೆಯವರಿಗೆ ಬೇರೆ ಕಾರಣ ಇರಬಹುದು.

ಒಂದು ಸಂಜಿ ಹೆಂಗ ನಡೀತೈತಿ?

ಐದಕ್ಕ ಶುರು, ಏಳೂವರಿಗೆ ಮುಗೀತೈತಿ, ಒಮ್ಮೊಮ್ಮೆ ಎಂಟೂ ಆಗ್ತೈತಿ. ಮೊದಲ ಹತ್ತು ನಿಮಿಷ ಬರೀ ತಾಳ, ಆ ತಿಂಗಳ ಮಟ್ಟು ಯಾವುದೈತೋ ಅದನ್ನ ಸಾಲು ಹೇಳದೇ ಬರೀ ಕೈಯಾಗ ತಟ್ಟೋದು. ಆಮ್ಯಾಲ ಇಪ್ಪತ್ತೈದು ನಿಮಿಷ ಎಲ್ಲಾರೂ ಅಲ್ಲೇ ಕುಂತು ಬರೆಯೋದು, ವಿಷಯ ಕೊಡ್ತೀವಿ, ಅದು ದೊಡ್ಡದಿರಂಗಿಲ್ಲ: ಕೀಲಿ, ಉಳ್ಳಾಗಡ್ಡಿ, ತಪ್ಪಿಹೋದ ಬಸ್ಸು, ಇಂಥಾವು. ಆಮ್ಯಾಲ ಚಹಾ. ಆಮ್ಯಾಲ ಓದೋದು, ಪ್ರತಿಯೊಬ್ಬರೂ ತಮ್ಮದನ್ನ ಎರಡು ಸಲ ಓದಬೇಕು, ಯಾಕಂದ್ರ ಮೊದಲನೇ ಸಲ ಕೇಳೋರು ಅರ್ಥದ ಹಿಂದ ಓಡಿರ್ತಾರ, ಎರಡನೇ ಸಲಕ್ಕ ನಡಿಗಿ ಕೇಳ್ತೈತಿ.

ಅಲ್ಲಿ ನನ್ನ ಪದ್ಯ ಹರಿದು ಹಾಕ್ತಾರಾ?

ಇಲ್ಲ. ಇದಕ್ಕ ಸ್ವಲ್ಪ ಉದ್ದ ಉತ್ತರ ಕೊಡಬೇಕು, ಯಾಕಂದ್ರ ಈ ಗುಂಪು ಹುಟ್ಟಿದ್ದ ಇದಕ್ಕ. ಭಾಳ ವರ್ಷದ ಹಿಂದ ಒಂದು ಕಮ್ಮಟದಾಗ ನಾ ಒಂದು ಷಟ್ಪದಿ, ಅಂದ್ರ ಆರು ಸಾಲಿನ ಪದ್ಯ, ಓದಾಕ ನಿಂತಿದ್ದೆ, ಎರಡನೇ ಸಾಲಿಗೆ ಒಬ್ಬ ಹಿರಿಯರು ನಿಲ್ಲಿಸಿ ಒಂದು ಮಾತ್ರೆ ಹೆಚ್ಚಾಗೇತಿ ಕುಂದ್ರಪಾ ಅಂದ್ರು, ಮಂದಿ ನಕ್ಕರು. ಮಾತ್ರೆ ಅಂದ್ರ ಅಕ್ಷರ ಅನ್ನಾಕ ಹಿಡಿಯೋ ಹೊತ್ತಿನ ಅಳತಿ, ಅದು ಹೆಚ್ಚಾಗಿದ್ದು ಖರೇನ ಇತ್ತು. ಆದ್ರ ಎಲ್ಲಿ ಹೆಚ್ಚಾತು, ಯಾಕ ಹೆಚ್ಚಾತು, ಹೆಂಗ ಇಳಿಸಬೇಕು ಅಂತ ಯಾರೂ ಹೇಳಲಿಲ್ಲ, ಆ ಹಾಳಿ ಮಡಚಿ ಕಿಸೆದಾಗ ಇಟ್ಟಾಂವ ನಾಕು ವರ್ಷ ಒಂದು ಸಾಲು ಬರೀಲಿಲ್ಲ.

ಅದಕ್ಕ ನಮ್ಮಲ್ಲಿ ಕ್ರಮ ಹಿಂಗ ಐತಿ. ಓದಿ ಮುಗಿದ ಕೂಡಲೇ ಕೇಳಿದವರು ತಮ್ಮ ಕಿವ್ಯಾಗ ಉಳಿದ ಸಾಲು ತಿರುಗಿ ಹೇಳ್ತಾರ, ಹೊಗಳಿಕಿ ಬ್ಯಾಡ, ಸಾಲು ಅಷ್ಟ ಹೇಳ್ರಿ ಅಂತೀವಿ. ಬರದವರಿಗೆ ಅಲ್ಲೇ ಅರ್ಧ ಗೊತ್ತಾಗಿ ಬಿಡ್ತೈತಿ, ಯಾವ ಸಾಲು ನಾಕು ಮಂದಿ ಹೇಳಿದ್ರು, ಯಾವುದನ್ನ ಒಬ್ಬರೂ ಹೇಳಲಿಲ್ಲ ಅಂತ. ಆಮ್ಯಾಲ ಕೇಳೋರು ತಮಗ ಎಡವಿದ ಜಾಗ ತೋರಿಸ್ತಾರ, ತಪ್ಪು ಅನ್ನಂಗಿಲ್ಲ, ಇಲ್ಲಿ ನನ್ನ ಕೈ ತಾಳ ಬಿಡ್ತು ಅಂತ ಹೇಳಬೇಕು. ತಿದ್ದುಪಡಿ ಬೇಕಾ ಅಂತ ಬರದವರನ್ನ ಕೇಳಿ, ಹೂಂ ಅಂದ್ರ ಅಷ್ಟ ಎಲ್ಲಾರೂ ಕೂಡಿ ಶಬ್ದ ಹುಡುಕೋದು. ಬ್ಯಾಡ ಅಂದ್ರ ಮುಂದಿನವರ ಪದ್ಯಕ್ಕ ಹೋಗ್ತೀವಿ. ಇನ್ನೊಬ್ಬರ ಪದ್ಯದ ಬಗ್ಗೆ ಹೊರಗ ಹೋಗಿ ಆಡಿಕೊಳ್ಳೋದು, ಫೋಟೋ ಹೊಡೆದು ಬೇರೆ ವಾಟ್ಸಾಪ್ ಗ್ರೂಪಿಗೆ ಹಾಕೋದು ನಮ್ಮಲ್ಲಿ ನಡೆಯಂಗಿಲ್ಲ, ಇದೊಂದರಾಗ ನಾವು ಭಾಳ ಕಟ್ಟುನಿಟ್ಟು.

ಯಾವ ಮಟ್ಟಿನಿಂದ ಶುರು ಮಾಡ್ತೀರಿ?

ತ್ರಿಪದಿ. ಬೇರೆ ಯೋಚನಿನ ಮಾಡಂಗಿಲ್ಲ. ಬಾದಾಮಿ ಕೆರಿ ಹತ್ರ ಬಂಡೆ ಮ್ಯಾಲ ಕಪ್ಪೆ ಅರಭಟ್ಟನ ಶಾಸನ ಐತಲ್ಲ, ಸುಮಾರು ಕ್ರಿ.ಶ. 700ರದ್ದು, "ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ" ಅಂತ ಬರ್ತೈತಿ, ಅದು ತ್ರಿಪದಿ. ಅಂದ್ರ ಹದಿಮೂರು ನೂರು ವರ್ಷ ಆತು ಈ ಮೂರು ಸಾಲು ನಮ್ಮ ಸೀಮ್ಯಾಗ ತಿರುಗಾಡಾಕತ್ತು. ಇಲ್ಲಿಂದ ರೈಲಿಗೆ ಕುಂತು ಬಾದಾಮಿಗೆ ಹೋಗಿ ಕಣ್ಣಾರೆ ನೋಡಿ ಬರಬಹುದು, ನಾವು ಒಂದ್ಸಲ ಹೋಗಿದ್ವಿ, ಬಿಸಿಲಾಗ ನಿಂತು ಎಲ್ಲಾರೂ ಕೂಡಿ ಆ ಸಾಲು ತಾಳ ಹಾಕಿ ಅಂದ್ವಿ.

ಇನ್ನೊಂದು ಕಾರಣ ಹಲಸಂಗಿ. ನಮ್ಮ ಜಿಲ್ಲಾದಾಗಿನ ಊರ ಅದು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಅಂತ ಗೆಳೆಯರು ಕೂಡಿ ಹೆಣ್ಮಕ್ಕಳ ಬಾಯಾಗಿನ ತ್ರಿಪದಿ ಕೇಳಿ ಕೇಳಿ ಬರಕೊಂಡ್ರು, 1931ರಾಗ ಗರತಿಯ ಹಾಡು ಅಂತ ಪುಸ್ತಕ ಬಂತು. ಹಳ್ಳ್ಯಾಗ ಕುಂತ ನಾಕು ಮಂದಿ ಗೆಳೆತನದಿಂದ ಎಂಥಾ ಕೆಲಸ ಆತು ನೋಡ್ರಿ. ನನಗ ಗುಂಪು ಕಟ್ಟಬೇಕು ಅನ್ನಿಸಿದ್ದು ಅವರ ಕಥಿ ಓದಿದ ಮ್ಯಾಲ.

ತ್ರಿಪದಿ ಲೆಕ್ಕ ಹೆಂಗ?

ಒಟ್ಟು ಹನ್ನೊಂದು ಗಣ, 4, 4, 3. ಆರನೇದು ಮತ್ತ ಹತ್ತನೇದು ಬ್ರಹ್ಮಗಣ, ಅಂದ್ರ ಗಿಡ್ಡು, ಎರಡ ಅಂಶ. ಉಳಿದದ್ದೆಲ್ಲ ವಿಷ್ಣುಗಣ, ಮೂರು ಅಂಶ. ಗುರು ಅಂದ್ರ ಎರಡು ಮಾತ್ರೆಯ ಅಕ್ಷರ, ಲಘು ಅಂದ್ರ ಒಂದು ಮಾತ್ರೆಯದು. ಒಂದು ಗುರು ಅಂದ್ರ ಒಂದು ಅಂಶ, ಗಣದ ಮೊದಲ ಜಾಗಕ್ಕ ಮಾತ್ರ ಎರಡು ಲಘು ಕೂಡಿ ಒಂದು ಅಂಶ ಆಗಬಹುದು, ಆಮ್ಯಾಲಿನ ಜಾಗಕ್ಕ ಗುರು ಬಂದ್ರೂ ಒಂದ, ಲಘು ಬಂದ್ರೂ ಒಂದ. ಇದನ್ನ ಹಳೇ ಕವಿ ನಾಗವರ್ಮ ಛಂದೋಂಬುಧಿ ಅನ್ನೋ ಛಂದಸ್ಸಿನ ಪುಸ್ತಕದಾಗ ತ್ರಿಪದಿಯಾಗನ ತ್ರಿಪದಿ ಲಕ್ಷಣ ಹೇಳ್ಯಾನ. ನಮ್ಮ ಗುಂಪಿನಾಗ ಬ್ಯಾಂಕಿನಾಗ ಕೆಲಸ ಮಾಡೋ ಹೆಣ್ಮಗಳು ಮೊದಲ ತಿಂಗಳ ಬರದದ್ದು ಇದು:

ತಂಗಳ ರೊಟ್ಟಿಗೆ ಹಿಂಡಿಯ ಹಚ್ಚ್ಯಾಳ
ಅಂಗಳ ಗುಡಿಸಿ ನಿಂತಾಳ – ನನ್ನವ್ವ
ಬಂಗಾರ ಮುಖವ ತೊಳಕೊಂಡು

ಎಣಿಸಿ ನೋಡ್ರಿ. ತಂಗಳ, ರೊಟ್ಟಿಗೆ, ಹಿಂಡಿಯ, ಹಚ್ಚ್ಯಾಳ, ನಾಕೂ ವಿಷ್ಣು. ಎರಡನೇ ಸಾಲಿನ 'ಗುಡಿಸಿ' ಆರನೇ ಗಣ, ಗುಡಿ ಒಂದು ಅಂಶ, ಸಿ ಒಂದು, ಬ್ರಹ್ಮ. ಮೂರನೇದರಾಗ 'ಮುಖವ' ಹತ್ತನೇದು, ಅದೂ ಹಂಗ. ನಿಂತಾಳ ಅಂತ ಏಳನೇ ಗಣಕ್ಕ ಬಂದು ಒಂದು ಸಣ್ಣ ಉಸಿರು ತಗೋತೈತಿ, ನಂತರ ನನ್ನವ್ವ ಬರ್ತಾಳ, ಆ ಉಸಿರಿನಾಗ ತ್ರಿಪದಿ ಜೀವ ಐತಿ. ತಂಗ, ಅಂಗ, ಬಂಗ ಅಂತ ಎರಡನೇ ಅಕ್ಷರದ ಪ್ರಾಸಾನೂ ಕೂಡೇತಿ. ಆಕಿ ಮೊದಲು ಬರದಾಗ ಮೂರನೇ ಸಾಲು ಅವ್ವ ಚಂದ ಕಾಣತಾಳ ಅನ್ನೋ ಅರ್ಥದ್ದಿತ್ತು, ಯಾರೋ ಚಂದ ಅಂತ ಹೇಳೋದು ಬ್ಯಾಡ, ಆಕಿ ಏನು ಮಾಡ್ಯಾಳ ಅದನ್ನ ಹೇಳು ಅಂದ್ರು.

ಷಟ್ಪದಿ ಭಾಳ ಕಷ್ಟ ಅಂತಾರಲ್ಲ, ಮಾತ್ರೆ ಎಣಿಸೋದು ಹೆಂಗ?

ಕಷ್ಟ ಅಲ್ಲ, ತಾಳ್ಮಿ ಬೇಕು. ಹ್ರಸ್ವ ಅಕ್ಷರಕ್ಕ ಒಂದು ಮಾತ್ರೆ. ದೀರ್ಘಕ್ಕ ಎರಡು, ಸೊನ್ನಿ ಇರೋದಕ್ಕ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕ ಎರಡು. ಅಷ್ಟ. ಒತ್ತಕ್ಷರಕ್ಕ ಅಲ್ಲ, ಅದರ ಹಿಂದಿನದಕ್ಕ, ಇಲ್ಲೇ ಹತ್ತರಾಗ ಎಂಟು ಮಂದಿ ಎಡವೋದು.

ಷಟ್ಪದಿ ಆರು ಥರ ಅದಾವ, ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ. ನಾವು ಭಾಮಿನಿ ಹಿಡೀತೀವಿ, ಗದುಗಿನ ಭಾರತ ಪೂರ್ತಿ ಅದರಾಗ ಐತಿ, ಊರೂರಾಗ ಅದನ್ನ ಓದಿಸಿ ಕೇಳಿದ ಮಂದಿ ನಾವು, ನಡಿಗಿ ಪರಿಚಯ ಐತಿ. 1, 2, 4, 5ನೇ ಸಾಲು 3+4+3+4, ಅಂದ್ರ 14 ಮಾತ್ರೆ. 3 ಮತ್ತ 6ನೇ ಸಾಲು ಅದರ ಒಂದೂವರಿ ಪಟ್ಟು, ಕೊನಿಗೊಂದು ಗುರು, 23. ಒಟ್ಟು 102. ಕೈಯಾಗ ತಕಿಟ ತಕಧಿಮಿ ತಕಿಟ ತಕಧಿಮಿ ಅಂತ ತಟ್ಟಕೋತ ಹೋದ್ರ ಎಣಿಸೋದೂ ಬೇಕಾಗಂಗಿಲ್ಲ.

ಒಂದು ಸಂಜಿ ನಡೆದದ್ದು ಹೇಳ್ತೀನಿ. ನಿವೃತ್ತ ಮಾಸ್ತರೊಬ್ಬರು ತಮ್ಮ ತಾಯಿ ಬಗ್ಗೆ ಅರ್ಧ ಷಟ್ಪದಿ ತಂದಿದ್ರು, ಮೊದಲ ಸಾಲು "ಬಿಸಿಲು ಕುದಿಯುವ ಮಧ್ಯಾಹ್ನದಲ್ಲಿ". ಓದಿದ್ರು, ಎಲ್ಲಾರ ಕೈಯೂ ಒಂದ ಜಾಗಕ್ಕ ತಾಳ ಬಿಡ್ತು. ಬಿಸಿಲು ಮೂರು, ಕುದಿಯುವ ನಾಕು, ಅಲ್ಲಿ ತನಕ ಸುಸೂತ್ರ. ಮುಂದ ಮೂರು ಬೇಕು, ಆದ್ರ 'ಮಧ್ಯಾ' ಅನ್ನೋದ ಎರಡು ಗುರು, ನಾಕು ಆತು, ನಡಕ ಒಡಿಯಾಕೂ ಬರಂಗಿಲ್ಲ, ಮಧ್ಯಾಹ್ನದಲ್ಲಿ ಪೂರ್ತಿ ಎಂಟು, ಇರಬೇಕಾದದ್ದು ಏಳು. ಮಾಸ್ತರ ಅಂದ್ರು, ಆದ್ರ ಅದು ಮಧ್ಯಾಹ್ನನ ಆಗಿತ್ತಲ್ಲ, ನಾ ಸಂಜಿ ಅಂತ ಸುಳ್ಳು ಬರೀಲ್ಯಾ? ಒಂದು ಐದು ನಿಮಿಷ ಎಲ್ಲಾರೂ ಸುಮ್ನ ಕುಂತ್ರು. ಮೂಲ್ಯಾಗ ಕುಂತಿದ್ದ ಡಿಗ್ರಿ ಹುಡುಗ ಸಾವಕಾಶ ನಡುಹಗಲು ಅಂದ. ಅಷ್ಟ ಸಾಕಾತು, ಮಾಸ್ತರ ಅಲ್ಲೇ ಬರದ್ರು:

ಬಿಸಿಲು ಕುದಿಯುವ ನಡುಹಗಲಿನಲಿ
ಹಸಿದು ಬಂದಳು ಹೊಲದ ಕಡೆಯಿಂ
ಬಸಿವ ಬೆವರನು ಒರಸಿ ಕೂತಳು ಬೇವ ನೆಳಲಲಿ ತಾಯ್

ನಡುಹ ಮೂರು, ಗಲಿನಲಿ ನಾಕು. ಕೊನಿಯ 'ತಾಯ್' ಆ ಒಂದು ಗುರು, ಇಡೀ ಸಾಲು ನಡಕೊಂತ ನಡಕೊಂತ ಬಂದು ಅದರ ಮ್ಯಾಲ ಕುಂತಂಗ ಆಗ್ತೈತಿ, ಆಕಿ ಬೇವಿನ ಗಿಡದ ಕೆಳಗ ಕುಂತಂಗ. ಮಾಸ್ತರ ಓದಿ ಮುಗಿಸಿ ಕನ್ನಡಕ ತಗದು ಒರಸಿಕೊಂಡ್ರು. ಉಳಿದರ್ಧ ಇನ್ನೂ ಬರದಿಲ್ಲ, ಅವಸರ ಮಾಡಬ್ಯಾಡ್ರಿ ಅಂದೀವಿ.

ಗಜಲ್ ಕನ್ನಡದಾಗ ಬರೆಯೋದು ಸರಿನಾ?

ಸರಿ ಅಂದ್ರ ಏನ್ರಿ, ವಿಜಯಪುರದಾಗ ಕುಂತು ಈ ಪ್ರಶ್ನೆ ಕೇಳಬಾರದು! ಇದು ಆದಿಲ್‌ಶಾಹಿ ಊರು, ಎರಡನೇ ಇಬ್ರಾಹಿಂ ಆದಿಲ್‌ಶಾಹ ತಾನ ದಖನಿಯಾಗ ಹಾಡು ಕಟ್ಟಿದ ಊರು, ನಮ್ಮ ಓಣಿಯಾಗ ಇವತ್ತಿಗೂ ದಖನಿ ಉರ್ದು ಕೇಳ್ತೈತಿ. ಕನ್ನಡಕ್ಕ ಗಜಲ್ ತಂದು ನಿಲ್ಲಿಸಿದವರೊಳಗ ರಾಯಚೂರು ಸೀಮೆಯ ಶಾಂತರಸರು ದೊಡ್ಡವರು.

ನಿಯಮ ಸಣ್ಣದಾಗಿ: ಎರಡೆರಡು ಸಾಲಿನ ಷೇರ್, ಸಾಮಾನ್ಯ ಐದಾದ್ರೂ ಇರಬೇಕು, ಪ್ರತಿ ಷೇರ್ ತನ್ನ ಕಾಲ ಮ್ಯಾಲ ತಾನ ನಿಲ್ಲಬೇಕು. ಮೊದಲ ಷೇರಿಗೆ ಮತ್ಲಾ ಅಂತಾರ, ಅದರ ಎರಡೂ ಸಾಲಿಗೆ ರದೀಫ್ ಬರಬೇಕು, ರದೀಫ್ ಅಂದ್ರ ಕೊನಿಗೆ ಹಂಗ ಹಂಗ ತಿರುಗಿ ಬರೋ ಶಬ್ದ, ಅದರ ಮುಂಚಿನ ಪ್ರಾಸದ ಶಬ್ದ ಕಾಫಿಯಾ. ಮುಂದಿನ ಷೇರುಗಳಿಗೆ ಎರಡನೇ ಸಾಲಿಗಷ್ಟ. ನಮ್ಮೊಳಗ ಒಬ್ಬರು ಬರದ ಮತ್ಲಾ:

ಬಾವಿ ಬತ್ತಿದ ಮ್ಯಾಲೂ ಅಲ್ಲೇ ಹಗ್ಗ ಕಾಯತೈತಿ
ಮಳಿ ಬಾರದ ಊರಾಗ ಒಂದು ಮೊಗ್ಗ ಕಾಯತೈತಿ

ಹಗ್ಗ, ಮೊಗ್ಗ ಕಾಫಿಯಾ, ಕಾಯತೈತಿ ರದೀಫ್. ಮುಂದಿನ ಷೇರಿಗೆ ಜಗ್ಗ, ಬಗ್ಗ ಅಂತ ಒತ್ತಾಯದಿಂದ ತುಂಬಬ್ಯಾಡ್ರಿ, ಪ್ರಾಸ ಸಿಗದಿದ್ರ ಕಾಫಿಯಾನ ಬದಲಿ ಮಾಡಿ ಮತ್ಲಾ ತಿರುಗಿ ಕಟ್ರಿ, ಇದು ನನ್ನ ಖಾಯಂ ಸಲಹೆ. ಕೊನಿ ಷೇರ್ ಮಕ್ತಾ, ಅದರಾಗ ಕವಿ ತನ್ನ ಕಾವ್ಯನಾಮ ಸೇರಿಸೋದು ವಾಡಿಕಿ.

ವಚನ ಒಂದು ಮಟ್ಟು ಹೌದಾ? ಅದಕ್ಕ ಲೆಕ್ಕನ ಇಲ್ಲಲ್ಲ?

ಲೆಕ್ಕ ಇಲ್ಲ, ಬಿಗಿ ಐತಿ. ಬಸವಣ್ಣ ಹುಟ್ಟಿದ ಬಾಗೇವಾಡಿ ಇಲ್ಲೇ ಐತಿ, ಫ.ಗು. ಹಳಕಟ್ಟಿಯವರು ಇದ ವಿಜಯಪುರದಾಗ ಕುಂತು ವಚನದ ತಾಡೋಲಿ ಕಟ್ಟು ಹುಡುಕಿ ಹುಡುಕಿ ಅಚ್ಚು ಹಾಕಿಸಿದ್ರು, ಅದಕ್ಕ ಈ ತಿಂಗಳು ಬಂದಾಗ ನಾವು ಜರಾ ಹೆಚ್ಚು ಹುಷಾರಾಗಿ ಕೂಡ್ತೀವಿ. ವಚನದ ಬಿಗಿ ಒಂದ ರೀತಿ ವಾಕ್ಯ ತಿರುಗಿ ತಿರುಗಿ ಬಂದು ಕೊನಿಗೆ ಒಂದು ಕಡಿ ಮುರಿದು ನಿಲ್ಲೋದರಾಗ ಐತಿ. ಒಂದು ಕೇಳಿಕಿ: ಶರಣರ ಅಂಕಿತ ತಗೊಂಡು ಬರೀಬ್ಯಾಡ್ರಿ, ಅದು ಅವರ ಸಹಿ. ನಿಮ್ಮದ ಒಂದು ಇಟ್ಕೋರಿ ಇಲ್ಲಾ ಬಿಟ್ಟುಬಿಡ್ರಿ. ಗಜಲಿನ ಮಕ್ತಾದಾಗ ಹೆಸರು, ವಚನದ ಕೊನಿಗೆ ಅಂಕಿತ, ಎರಡೂ ಒಂದ ಊರಾಗ ಬಾಳಿದ್ವು ಅನ್ನೋದು ನನಗ ಯಾವಾಗಲೂ ಖುಷಿ ಕೊಡ್ತೈತಿ, ಮತ್ತ ಬೀಸೋ ಕಲ್ಲಿನ ಮುಂದ ಕುಂತು ಸಾವಿರಾರು ತ್ರಿಪದಿ ಕಟ್ಟಿದ ಹೆಣ್ಮಕ್ಕಳು ಒಬ್ಬರೂ ಹೆಸರು ಹಾಕಲಿಲ್ಲ ಅನ್ನೋದು ಅಷ್ಟ ಸಂಕಟಾನೂ ಕೊಡ್ತೈತಿ.

ಹಾಯ್ಕು, ಚುಟುಕ, ಸುನೀತ, ಕಂದ ಇವೆಲ್ಲ?

ಹಾಯ್ಕು ಮಾಡ್ತೀವಿ, 5-7-5 ಅಕ್ಷರ, ಕನ್ನಡದಾಗ ಒತ್ತಕ್ಷರ ಇದ್ರೂ ಒಂದ ಅಂತ ಎಣಿಸ್ತೀವಿ. "ಬ್ಯಾಸಿಗಿ ಸಂಜಿ / ಹುಣಸಿ ಮರದಾಗ / ಬಸ್ಸಿನ ಧೂಳ" ಅಂತ ಒಬ್ಬರು ಬರದಿದ್ರು, ಅದರಾಗ ಮನಸಿನ ಮಾತು ಒಂದೂ ಇಲ್ಲ, ಆದ್ರೂ ಊರು ಕಾಣ್ತೈತಿ. ಚುಟುಕ ನಾಕು ಸಾಲು, ದಿನಕರ ದೇಸಾಯಿಯವರು ಮನಿಮನಿಗೆ ಮುಟ್ಟಿಸಿದ್ದು, ಮಕ್ಕಳು ಬಂದಾಗ ಅದನ್ನ ಹಿಡೀತೀವಿ. ಸುನೀತ 14 ಸಾಲು, ಎಂಟಾದ ಮ್ಯಾಲ ವಿಚಾರ ಹೊರಳಬೇಕು. ಕಂದ ನಮ್ಮ ಮುಧೋಳದ ರನ್ನನ ಕೈಯಾಗ ಕುಣಿದ ಪದ್ಯ, 12, 20, 12, 20 ಮಾತ್ರೆ, ಒಟ್ಟು 64, ಅದರಾಗ ಜಗಣ (ಲಘು, ಗುರು, ಲಘು ಕೂಡಿದ ಗಣ) ಎಲ್ಲಿ ಬರಬೇಕು ಎಲ್ಲಿ ಬರಬಾರದು ಅನ್ನೋ ನಿಯಮ ಅದಾವ. ಒಂದು ವರ್ಷ ಆದವರಿಗೆ ಮಾತ್ರ ಅದು.

ನಮ್ಮ ಆಡುಮಾತಿನಾಗ ಬರೀಬಹುದಾ, ಗ್ರಂಥಸ್ಥ ಕನ್ನಡ ಬೇಕಾ?

ನಿಮ್ಮ ಬಾಯಾಗ ಯಾವುದೈತೋ ಅದು. ಆದ್ರ ಒಂದು ಪದ್ಯದಾಗ ಎರಡೂ ಕಲಸುವಾಗ ಕಿವಿ ಇಟ್ಟು ಕೇಳ್ರಿ. ಆಡುಮಾತಿಗೆ ಒಂದು ಲಾಭ ಐತಿ, ಬರುತ್ತಾಳೆ ಅಂದ್ರ ಆರು ಮಾತ್ರೆ, ಬರತಾಳ ಅಂದ್ರ ಐದು, ಬಂದ್ಲು ಅಂದ್ರ ಮೂರ, ಸಾಲಿಗೆ ಬೇಕಾದಷ್ಟು ಹಿಗ್ಗಿಸಾಕ ಕುಗ್ಗಿಸಾಕ ಬರ್ತೈತಿ.

ನಾನು ಉರ್ದು ಅಥವಾ ಮರಾಠಿ ಮನಿಯವ/ಮನಿಯಾಕಿ, ಕನ್ನಡ ಬರೆಯೋದು ಅಷ್ಟಕ್ಕಷ್ಟ.

ಬರ್ರಿ, ಬರಲೇಬೇಕು. ಬೆಳಗಾವಿ ಕಡಿಂದ ಬಂದ ಒಬ್ಬರು ಮರಾಠಿ ಓವಿ ಹೇಳಿದಾಗ ಅದೂ ಬೀಸೋ ಕಲ್ಲಿನ ಮುಂದ ಹುಟ್ಟಿದ್ದು ಅಂತ ತಿಳಿದು ನಮ್ಮ ಅವ್ವಾರಿಗೆ ಭಾಳ ಸಂತೋಷ ಆತು. ಕಾಗುಣಿತ ನಾವು ನೋಡ್ಕೋತೀವಿ.

ಓದಾಕ ನಾಚಿಕಿ ಆಗ್ತೈತಿ, ಸುಮ್ನ ಕುಂತು ಕೇಳಬಹುದಾ?

ಎಷ್ಟು ವಾರ ಬೇಕಾದ್ರೂ. ಒಬ್ಬ ಹೆಣ್ಮಗಳು ಐದು ತಿಂಗಳು ಬರೀ ತಾಳ ತಟ್ಟಿದ್ಲು, ಆರನೇ ತಿಂಗಳು ಹಾಳಿ ಪಕ್ಕದವರ ಕೈಗೆ ಕೊಟ್ಟು ನೀವ ಓದ್ರಿ ಅಂದ್ಲು. ಹಂಗೂ ನಡೀತೈತಿ.

ಮೊಬೈಲಿನಾಗ ಬರದು ತರಬಹುದಾ? ಎಐ ಕಡಿಂದ ಬರಸಿ ತರಬಹುದಾ?

ಮೊಬೈಲು ಆಗಲಿ, ಆದ್ರ ತಾಳ ತಟ್ಟಾಕ ಎರಡೂ ಕೈ ಬೇಕು. ಎಐ ಬ್ಯಾಡ. ಮಾಸ್ತರಿಗೆ ನಡುಹಗಲು ಸಿಗೋ ಮುಂಚೆ ಆ ಐದು ನಿಮಿಷ ಸುಮ್ನ ಕುಂತಿದ್ವಲ್ಲ, ನಾವು ಬರೋದು ಅದಕ್ಕ.

ಫೀ ಎಷ್ಟು?

ಇಲ್ಲ. ಚಹಾ ಸಕ್ಕರಿ ಪಾಳಿ ಮ್ಯಾಲ ತರ್ತೀವಿ.

ನಮ್ಮೂರಾಗ ಇಂಥಾದ್ದು ಶುರು ಮಾಡಬೇಕು, ಏನು ಮಾಡಬೇಕು?

ಇಂಡಿಯಿಂದ, ಜಮಖಂಡಿಯಿಂದ, ಗೋಕಾಕದಿಂದ ಈ ಪ್ರಶ್ನೆ ಬಂದೈತಿ, ಕೇಳಿದಾಗೆಲ್ಲ ಎದಿ ತುಂಬಿ ಬರ್ತೈತಿ. ಮೂರು ಮಂದಿ ಸಾಕು. ದಿನ ಮತ್ತ ಹೊತ್ತು ಗಟ್ಟಿ ಇಡ್ರಿ, ಮಳಿ ಬಂದ್ರೂ ಇಬ್ಬರ ಬಂದ್ರೂ ಕೂಡ್ರಿ. ಮೊದಲ ಮೂರು ತಿಂಗಳು ತ್ರಿಪದಿ ಬಿಟ್ಟು ಬ್ಯಾರೆ ಮುಟ್ಟಬ್ಯಾಡ್ರಿ. ಓಣ್ಯಾಗ ಬೀಸೋ ಪದ ಬರೋ ಮುದುಕಿ ಯಾರಾದ್ರೂ ಇದ್ರ ಮೊದಲನೇ ವಾರ ಅವರನ್ನ ಕರೀರಿ, ಕುರ್ಚಿ ಹಾಕ್ರಿ, ಅವರು ಹಾಡಲಿ, ನೀವು ಬರಕೋರಿ, ಯಾರು ಹೇಳಿದ್ದು ಅಂತ ಹೆಸರು ಸಮೇತ, ಅವರು ಒಪ್ಪಿದ್ರ.

ಮೊದಲನೇ ಸಲ ಬರುವಾಗ ಏನು ತರಬೇಕು?

ಗೆರಿ ಇಲ್ಲದ ಒಂದು ನೋಟ್‌ಬುಕ್, ಪೆನ್ಸಿಲ್, ಮತ್ತ ನಿಮ್ಮ ಮನ್ಯಾಗ ಯಾರೋ ದಿನಾ ಆಡೋ ಒಂದು ಮಾತು, ಅವರು ಆಡಿದಂಗ ಬರಕೊಂಡು. ಈ ಭಾನುವಾರ ಅದನ್ನ ಹಲಗಿ ಮ್ಯಾಲ ಹಾಕಿ ಮೊದಲ ಗಣ ಅಲ್ಲಿಂದ ಎಣಿಸಾಕ ಶುರು ಮಾಡ್ತೀವಿ.